ಹೊರಗೆ

ಅಮ್ಮ ಆ ಮೂರು ದಿನಕ್ಕೆ ಇಟ್ಟಿದ್ದ ಹೆಸರು ಹೊರಗೆ.
"ಅವಳು ಹೊರಗಾಗಿದ್ದಾಳೆ, ಬಾವಿಕಟ್ಟೆ ಹತ್ತಬಾರದು."
ಈಗ ಅಜ್ಮಾನಿನ ಕ್ಲಿನಿಕ್ಕಿನಲ್ಲಿ, ನಾಲ್ಕನೇ ಕೌಂಟರಿನ ಗಾಜಿನ ಹಿಂದೆ
ನನಗೆ ಸಂಬಳ ಕೊಡುವುದೂ ಅದಕ್ಕೇ:
ಯಾವುದು ಒಳಗೆ, ಯಾವುದು ಹೊರಗೆ.

ಹೊಸ ವರ್ಷಕ್ಕೆ ಹೊಸ ನಿಯಮ ಬಂತು.
ಎಲ್ಲರಿಗೂ ಕಾರ್ಡು. ಟೈಲ್ಸ್ ಹಾಕುವವನಿಗೆ, ಅವನ ಹೆಂಡತಿಗೆ,
ವಿಲ್ಲಾದ ಅಡುಗೆಯವಳಿಗೆ.
ನಾನು ಗೊಣಗಲಾರೆ. ಕೋಲಾರದ ಮುನಿರತ್ನಮ್ಮ
ಹನ್ನೊಂದು ವರ್ಷ ಎಲ್ಲ ನೋವಿಗೂ ಒಂದೇ ಪನಡಾಲ್ ನುಂಗಿದವಳು
ಮೊದಲ ಸಲ ಲೇಡಿ ಡಾಕ್ಟರ ಎದುರು ಕೂತಳು.
ಗರ್ಭಕೋಶದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ.
"ಇದಕ್ಕೂ ಕಾರ್ಡು ನಡೀತದೇನಮ್ಮಾ?"
ನಡೆಯುತ್ತದೆ ಅಂದೆ. ಕಣ್ಣಿಗೊತ್ತಿಕೊಂಡು
ಎದೆಯೊಳಗೆ ತುರುಕಿಕೊಂಡಳು ಆ ಪ್ಲಾಸ್ಟಿಕ್ಕನ್ನು.

ಹಾಳೆ ತಿರುಗಿಸಿದರೆ ಸಣ್ಣಕ್ಷರ.
ಹೆರಿಗೆ ಒಳಗೆ, ಮಿತಿಯವರೆಗೆ.
ಹೆರದಿರಲು ಹಾಕಿಸುವ ಕಾಪರ್-ಟಿ ಹೊರಗೆ.
ಮಕ್ಕಳಾಗಲಿಲ್ಲವೆಂಬ ಚಿಕಿತ್ಸೆಯೂ ಹೊರಗೆ.
ಕಾರ್ಡಿಗಿಂತ ಮೊದಲೇ ನಿಂತ ಬಸಿರು
ಮೊದಲೇ ಇದ್ದ ಕಾಯಿಲೆಗಳ ಪಟ್ಟಿಯಲ್ಲಿ,
ಸಕ್ಕರೆಯ ಕೆಳಗೆ, ಮೂಲವ್ಯಾಧಿಯ ಮೇಲೆ.

ತಾಹಿರಾ ಬಂದಾಗ ಮಧ್ಯಾಹ್ನದ ಬಾಂಗು ಆಗಷ್ಟೇ ಮುಗಿದಿತ್ತು.
ಉಳ್ಳಾಲದವಳು, ನನ್ನ ತುಳು ಕೇಳಿ ಮುಖ ಅರಳಿಸಿದಳು.
ಗಂಡ ಟಯರ್ ಅಂಗಡಿಯಲ್ಲಿ. ಕಾರ್ಡಿನ ಮೂಲೆಯಲ್ಲಿ
ಅವನ ಹೆಬ್ಬೆರಳಿನ ಕಪ್ಪು.
ಜನವರಿ ಒಂದರಿಂದ ಜಾರಿ.
ಫಾರ್ಮಿನ ಆರನೇ ಸಾಲು: ಕೊನೆಯ ಮುಟ್ಟು ಯಾವಾಗ?
"ಡಿಸೆಂಬರ್ ಹತ್ತೊಂಬತ್ತು."

ಪೆನ್ನು ಕಾಗದಕ್ಕೆ ತಾಗಿಸಲಿಲ್ಲ ನಾನು.
ಮತ್ತೆ ಕೇಳಿದೆ, ಮೆಲ್ಲಗೆ, ತುಳುವಿನಲ್ಲಿ,
ಮೇಲಿನ ಕ್ಯಾಮೆರಾಕ್ಕೆ ತುಳು ಬರುವುದಿಲ್ಲವೆಂಬ ಧೈರ್ಯದಲ್ಲಿ:
ಸರಿಯಾಗಿ ನೆನಪು ಮಾಡು, ಜನವರಿ ಇರಬಹುದಾ?
"ಇಲ್ಲಕ್ಕ, ಅವತ್ತೇ ನಮ್ಮ ಸೆಕೆಂಡ್ ಹ್ಯಾಂಡ್ ಫ್ರಿಜ್ಜು ಬಂದದ್ದು.
ಮೂರನೇ ಮಹಡಿಗೆ ಅವರೊಬ್ಬರೇ ಹೊತ್ತರು,
ನನಗೆ ಹೊಟ್ಟೆನೋವು, ಕೈ ಕೊಡಲಾಗಲಿಲ್ಲ. ಮರೆಯೋದು ಹೇಗೆ?"

ಮರೆತಿದ್ದರೂ ಅಷ್ಟೇ. ಒಳಕೋಣೆಯ ಸ್ಕ್ಯಾನ್ ಯಂತ್ರ
ಹುರುಳಿಕಾಳಿನಷ್ಟನ್ನು ನೆತ್ತಿಯಿಂದ ಬುಡದವರೆಗೆ ಅಳೆದು
ತಾರೀಕು ಹೇಳಿಬಿಡುತ್ತದೆ.
ಬರೆದೆ. ಹತ್ತೊಂಬತ್ತು.

ರಾತ್ರಿ ರೋಲ್ಲಾದ ಬಸ್ಸಿನಲ್ಲಿ ಬೆರಳು ಮಡಚಿ ಎಣಿಸಿದೆ.
ಡಾಕ್ಟರರ ಪಂಚಾಂಗದಲ್ಲಿ ಬಸಿರಿನ ವಯಸ್ಸು
ಮುಟ್ಟಿನ ಮೊದಲ ದಿನದಿಂದ.
ಬೀಜ ಕೂಡುವುದು ಅದಾಗಿ ಎರಡು ವಾರಕ್ಕೆ.
ಅಂದರೆ ಈ ಕೂಸು ಮೂಡಿದ್ದು ಕಾರ್ಡು ಬಂದ ಮಾರನೇ ದಿನ,
ಇಲ್ಲವೇ ಅದರ ಮಾರನೇ ದಿನ.
ಇಲ್ಲದೇ ಇದ್ದ ಹದಿಮೂರು ದಿನಕ್ಕೆ
ಅದು ಕಾಯಿಲೆಯಾಗಿ ದಾಖಲಾಗಿದೆ.
ತಾಯಿ ಹೊರಗಿದ್ದ ದಿನವೇ ಹಿಡಿದು
ಮಗುವನ್ನೂ ಹೊರಗಿಟ್ಟಿದ್ದಾರೆ.

ಇದನ್ನೇ ಇಂಗ್ಲಿಷಿನಲ್ಲಿ ಬರೆದೆ, ಕಂಪನಿಗೆ,
ಎರಡು ಸಲ ಮಾನ್ಯರೇ ಎಂದು, ಮೂರನೇ ಸಲ ಮಾನ್ಯರೇ ಇಲ್ಲದೆ.
ಉತ್ತರ ತಕ್ಷಣ ಬರುತ್ತದೆ, ಯಾವಾಗಲೂ ಒಂದೇ:
ನಿಮ್ಮ ಮನವಿ ಪರಿಶೀಲನೆಯಲ್ಲಿದೆ.

ಮಂಗಳವಾರ ಬರುತ್ತಾಳೆ ತಾಹಿರಾ, ಅವನ ರಜೆಯ ದಿನ.
ಮೊದಲು ಕೌಂಟರಿಗೆ ಮೊಣಕೈ ಊರಿ ಮಾತಾಡುತ್ತಿದ್ದಳು,
ಆಮೇಲೆ ಬದಿಗೆ ತಿರುಗಿ ನಿಂತು.
ಇವತ್ತು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡು ಕೂತಳು.
ದೇರಳಕಟ್ಟೆಯಲ್ಲಿ ಹೆರಿಗೆಗೆ ಎಷ್ಟು, ಕೇಳಿ ಬಂದಿದ್ದಾಳೆ.
ವಿಮಾನದವರು ಎಷ್ಟು ವಾರದವರೆಗೆ ಹತ್ತಿಸುತ್ತಾರೆ, ಅದನ್ನೂ.
ನಾನು ಪರದೆ ನೋಡುತ್ತಿದ್ದೆ, ಪರಿಶೀಲನೆಯ ಪುಟ್ಟ ಚಕ್ರ ಸುತ್ತುತ್ತಿತ್ತು.

"ಅಕ್ಕ," ಅಂದಳು, ತಗ್ಗಿದ ದನಿಯಲ್ಲಿ,
"ಆ ಫ್ರಿಜ್ಜು ಮಾರಿದರೆ ಎಷ್ಟು ಸಿಗಬಹುದು?"